ಕೇಳಿದ್ದಕ್ಕೆ ಕೊಟ್ಟಿದ್ದೇನು?

'ಜನುಮದ ಜೋಡಿ' ತೆರೆಗೆ ಬಂದಿದ್ದು 1996ರಲ್ಲಿ. ಆಮೇಲೆ ಅದು ಟಿ.ವಿ.ಯಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟವರಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಅದನ್ನು ಒಂದೇ ಒಂದು ಸಲ ನೋಡಿ ಸುಮ್ಮನಾದವರು ಸಿಗುವುದು ಕಷ್ಟ. ಕಥೆ ಗೊತ್ತು, ಕೊನೆ ಗೊತ್ತು, ಎಲ್ಲಿ ಅಳು ಬರುತ್ತದೆ ಎಂಬುದೂ ಗೊತ್ತು. ಆದರೂ ಒಂದು ಹಾಡು ಶುರುವಾದರೆ ಒಳಗೆ ಕೆಲಸದಲ್ಲಿದ್ದವರು ಕೈ ಒರೆಸಿಕೊಂಡು ಬಂದು ನಿಲ್ಲುತ್ತಾರೆ. ಅದು ಕೋಲುಮಂಡೆ ಜಂಗಮದೇವರ ಹಾಡು.

ಈಚೆಗೆ ಆ ಸಿನಿಮಾವನ್ನು ಮತ್ತೆ ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರೇಮಕಥೆಯಲ್ಲ, ಈ ಹಾಡು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಈ ಚಿತ್ರದ ಮೂಲ ಗುಜರಾತಿನದು, ಪನ್ನಾಲಾಲ್ ಪಟೇಲರ 'ಮಳೇಲಾ ಜೀವ್' ಎಂಬ ಕಾದಂಬರಿ. ಜಾತಿ ಅಡ್ಡ ಬಂದ ಇಬ್ಬರ ಪ್ರೀತಿಯ ಕಥೆ. ಹಾಗಿದ್ದೂ ಮಂಡ್ಯ ಸೀಮೆಯವರು ಯಾರೂ ಅದನ್ನು ಹೊರಗಿನ ಕಥೆ ಅಂದುಕೊಳ್ಳಲಿಲ್ಲ. ಗುಜರಾತಿನ ಕಥೆಯನ್ನು ನಮ್ಮ ಊರಿನದಾಗಿ ಮಾಡಿದ್ದರಲ್ಲಿ ಮಾತಿನ ಪಾಲು ಎಷ್ಟೋ ಹಾಡಿನ ಪಾಲೂ ಅಷ್ಟೇ. ವಿ. ಮನೋಹರ್ ಸಂಗೀತ ನೀಡಿದ ಆ ಹಾಡನ್ನು ಎಲ್.ಎನ್. ಶಾಸ್ತ್ರಿ ಹಾಡಿದರು, ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. ಬರಬೇಕಾದ್ದೇ. ಆದರೆ ಆ ಹಾಡು ಸ್ಟುಡಿಯೋದಲ್ಲಿ ಹುಟ್ಟಿದ್ದಲ್ಲ. ಮಲೆಯ ಮಾದೇಶ್ವರನ ಹೆಸರಿನಲ್ಲಿ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುವ ದೇವರಗುಡ್ಡರ ಬಾಯಲ್ಲಿದ್ದದ್ದು ಅದು. ಅದರ ವಿಷಯವಾದರೂ ಏನು? ಜಂಗಮ ಭಿಕ್ಷೆಗೆ ಬಂದಿದ್ದಾನೆ, ಮನೆಯೊಳಗಿನ ತಾಯಿ ಎದ್ದು ಬಂದು ನೀಡಬೇಕು, ಇಷ್ಟೆ.

ನಾವು ಸೋಫಾದ ಮೇಲೆ ಕೂತು ಕಣ್ಣು ಒದ್ದೆ ಮಾಡಿಕೊಂಡು ಕೇಳುವ ಆ ಹಾಡು, ನಿಜಕ್ಕೂ ನಮ್ಮನ್ನು ಏನನ್ನೋ ಕೇಳುತ್ತಿದೆ. ಮತ್ತು ನಾವು ಏನೂ ಕೊಡುತ್ತಿಲ್ಲ. ಇದು ಸಿನಿಮಾದವರ ಮೇಲಿನ ದೂರಲ್ಲ. ಅವರು ಹಾಡನ್ನು ಪ್ರೀತಿಯಿಂದಲೇ ತಂದರು. ನನ್ನ ಪ್ರಶ್ನೆ ಕೇಳುವವರಾದ ನಮ್ಮ ಬಗ್ಗೆ.

ಕನ್ನಡದಲ್ಲಿ 'ಕೇಳು' ಎಂಬ ಒಂದೇ ಕ್ರಿಯಾಪದ ಎರಡು ಕೆಲಸ ಮಾಡುತ್ತದೆ. ಹಾಡು ಕೇಳುವುದೂ ಕೇಳುವುದೇ, ಸಾಲ ಕೇಳುವುದೂ ಕೇಳುವುದೇ. ಬಾಗಿಲಲ್ಲಿ ಕಂಸಾಳೆ ಹಿಡಿದು ನಿಂತವನು ಕೇಳುತ್ತಾನೆ, ಒಳಗಿರುವವಳು ಕೇಳುತ್ತಾಳೆ. ಒಬ್ಬರ ಕೇಳುವಿಕೆ ಇನ್ನೊಬ್ಬರದ್ದಕ್ಕೆ ಜೋಡಿ. ಹಾಡು ಮುಗಿಯುವ ಹೊತ್ತಿಗೆ ಆಕೆ ಮೊರದಲ್ಲಿ ರಾಗಿ ತರುತ್ತಾಳೆ, ಜೋಳಿಗೆಗೆ ಸುರಿಯುತ್ತಾಳೆ, ಕೈಮುಗಿಯುತ್ತಾಳೆ. ಈ ಜೋಡಿಯಲ್ಲಿ ಒಂದು ಕೊಂಡಿ ಕಳಚಿದರೂ ಇನ್ನೊಂದು ಉಳಿಯುತ್ತದೆಯೆ? ತೆರೆಯ ಮೇಲಿನ ಹಾಡಿನಲ್ಲಿ ಮೊದಲನೆಯ ಕೇಳುವಿಕೆ ಮಾತ್ರ ಇದೆ. ನಾವು ಎಷ್ಟು ಬೇಕಾದರೂ ಕೇಳಬಹುದು, ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ.

ಭಿಕ್ಷೆ ಎಂದ ಕೂಡಲೇ ಈಗ ನಮಗೆ ಸಿಗ್ನಲ್ ಹತ್ತಿರ ಕಾರಿನ ಗಾಜು ಬಡಿಯುವ ಕೈ ನೆನಪಾಗುತ್ತದೆ. ದೇವರಗುಡ್ಡರ, ನೀಲಗಾರರ ಭಿಕ್ಷೆ ಆ ಜಾತಿಯದಲ್ಲ. ಗುಡ್ಡನಾದವನು ದೀಕ್ಷೆ ಪಡೆದವನು. ಅವನಿಗೆ ಹೊಲ ಇರಬಹುದು, ಎತ್ತು ಇರಬಹುದು. ಇದ್ದರೂ ಜೋಳಿಗೆ ಹಿಡಿದು ಹೋಗಲೇಬೇಕು, ಅದು ಕಟ್ಟುಪಾಡು. ಬೇಡುವುದು ಇಲ್ಲಿ ಬಡತನದ ಗುರುತಾಗಿರದೆ ದೇವರಿಗೆ ಕೊಟ್ಟ ಮಾತಿನ ಗುರುತಾಗಿತ್ತು. ನಮ್ಮ ಕಡೆಯ ಮಾತೇ ಅದನ್ನು ಹೇಳುತ್ತದೆ. ಜಂಗಮ ಬಂದ ಎನ್ನುವುದಿಲ್ಲ, ದಯಮಾಡಿದ ಎನ್ನುತ್ತಾರೆ. ಕೊಡುವವರು ದಯೆ ತೋರುತ್ತಾರೆ ಎಂಬುದು ಇಂದಿನ ಲೆಕ್ಕ. ಆ ಮಾತಿನಲ್ಲಿ ದಯೆ ಬೇಡಲು ಬಂದವನದು. ಅವನು ನಿಮ್ಮ ಮನೆಯನ್ನು ಆರಿಸಿಕೊಂಡು, ನಿಮ್ಮ ಹತ್ತಿರ ಕೊಡುವಷ್ಟು ಇದೆ ಎಂದು ನಂಬಿ ಬಂದಿದ್ದಾನೆ. ಕೊಡುವುದಕ್ಕೆ ನಿಮಗೊಂದು ಅವಕಾಶ ಮಾಡಿಕೊಟ್ಟಿದ್ದಾನೆ.

ಮಂಟೇಸ್ವಾಮಿಯ ಕಾವ್ಯವನ್ನು ಈ ದೃಷ್ಟಿಯಿಂದ ಕೇಳಿದರೆ ಅದರ ತುಂಬ ಬಾಗಿಲುಗಳೇ. ಕಲ್ಯಾಣದ ಸಾಲಿನಲ್ಲಿ ಬಸವಣ್ಣನ ಮನೆಯಲ್ಲಿ ದಿನವೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಊಟ. ಅಲ್ಲಿಗೆ ಮಂಟೇಸ್ವಾಮಿ ಬರುತ್ತಾನೆ, ಕಂಡವರು ಮೂಗು ಮುಚ್ಚಿಕೊಳ್ಳುವ ರೂಪದಲ್ಲಿ. ಬಾಗಿಲಲ್ಲೇ ಅವನನ್ನು ತಡೆಯುತ್ತಾರೆ. ಅಷ್ಟು ಜನಕ್ಕೆ ನೀಡುವ ಮನೆಗೆ, ನಿಜವಾಗಿ ಕೇಳಲು ಬಂದವನ ಗುರುತು ಹತ್ತುವುದಿಲ್ಲ. ಮುಂದೆ ಅದೇ ಕಾವ್ಯದಲ್ಲಿ ನಿಡುಘಟ್ಟದ ಕೆಂಪಾಚಾರಿ ಮಂಟೇಸ್ವಾಮಿಯ ಶಿಷ್ಯನಾಗಿ ಸಿದ್ದಪ್ಪಾಜಿಯಾದ ಮೇಲೆ, ಗುರು ಅವನನ್ನು ಹಲಗೂರಿಗೆ ಕಳಿಸುತ್ತಾನೆ. ಏನು ತರಲಿಕ್ಕೆ? ಕಬ್ಬಿಣದ ಭಿಕ್ಷೆ. ಯಾರ ಹತ್ತಿರ? ಕಬ್ಬಿಣದ ಕೆಲಸದ ಪಾಂಚಾಳರ ಹತ್ತಿರ, ಅಂದರೆ ತಾನು ಹುಟ್ಟಿ ಬಂದ ಕುಲದವರ ಹತ್ತಿರವೇ. ಅವರು ಕೊಡುವುದಿಲ್ಲ, ಹಿಂಸಿಸುತ್ತಾರೆ, ಒಂದೊಂದು ಪರೀಕ್ಷೆಗೂ ಒಡ್ಡುತ್ತಾರೆ. ನೀಲಗಾರರು ತಂಬೂರಿ, ಗಗ್ಗರ ಹಿಡಿದು ರಾತ್ರಿಯೆಲ್ಲ ಈ ಕಥೆ ಹಾಡುವಾಗ, ಕೇಳುತ್ತ ಕೂತವರಿಗೆ ಒಂದು ವಿಷಯ ಮರೆಯುವಂತೆಯೇ ಇರಲಿಲ್ಲ. ಹಾಡುತ್ತಿರುವವನು ಕೂಡ ನಾಳೆ ಬೆಳಿಗ್ಗೆ ನಮ್ಮ ಬಾಗಿಲಿಗೆ ಬರುತ್ತಾನೆ. ಇಂದು ರಾತ್ರಿ ಹಲಗೂರಿನವರನ್ನು ಬೈದುಕೊಂಡವರು ನಾಳೆ ಬೆಳಿಗ್ಗೆ ಹಲಗೂರಿನವರಾಗುತ್ತಾರೋ ಇಲ್ಲವೋ ಎಂಬುದು ಅವರ ಮೊರದ ಮೇಲೆ ನಿಂತಿತ್ತು.

ಕಥೆಗೂ ಬದುಕಿಗೂ ನಡುವೆ ಇದ್ದ ಈ ಸಣ್ಣ ದೂರವೇ ಆ ಹಾಡುಗಾರಿಕೆಯ ನೈತಿಕ ಶಕ್ತಿ ಎಂದು ನನಗೆ ಅನ್ನಿಸುತ್ತದೆ. ತೆರೆ ಆ ದೂರವನ್ನು ದಾಟಲಾರದಷ್ಟು ದೊಡ್ಡದು ಮಾಡುತ್ತದೆ. ತೆರೆಯ ಮೇಲಿನ ಜಂಗಮನಿಗೆ ನಾವು ಕರಗುತ್ತೇವೆ. ಹಾಡು ಮುಗಿಯುವಷ್ಟರಲ್ಲಿ ಹೊರಗೆ ಗೇಟಿನ ಹತ್ತಿರ ಕಂಸಾಳೆಯ ಸದ್ದಾದರೆ, ಕಿಟಕಿಯಿಂದಲೇ 'ಮುಂದಕ್ಕೋಗಪ್ಪ' ಅನ್ನುತ್ತೇವೆ. ಎರಡೂ ಒಂದೇ ಮನಸ್ಸು, ಒಂದೇ ಮಧ್ಯಾಹ್ನ. ನಾವು ಕಲ್ಲೆದೆಯವರಾಗಿ ಹೀಗೆ ಮಾಡುತ್ತೇವೆ ಎಂದಲ್ಲ. ತೆರೆಯ ಮುಂದೆ ಕರಗಿದ್ದರಿಂದಲೇ ನಮಗೆ ನಮ್ಮ ಕರುಣೆಯ ಬಗ್ಗೆ ಸಮಾಧಾನವಾಗಿರುತ್ತದೆ. ಕೊಡಬೇಕಾದ್ದನ್ನು ಕಣ್ಣೀರಿನಲ್ಲಿ ಕೊಟ್ಟಾಯಿತು ಎಂಬ ಭಾವನೆ. ಆದರೆ ಕಣ್ಣೀರು ಜೋಳಿಗೆಗೆ ಬೀಳುವುದಿಲ್ಲ.

ಆರ್.ಕೆ. ನಾರಾಯಣರ ಮಾಲ್ಗುಡಿ ಕಥೆಗಳಲ್ಲಿ ಹಾವಿನ ರಾಗದ ಕಥೆಯೊಂದಿದೆ. ಒಬ್ಬ ರಾತ್ರಿ ಮನೆಯಲ್ಲಿ ಕೊಳಲು ಅಭ್ಯಾಸ ಮಾಡುತ್ತಿದ್ದಾನೆ. ಬಾಗಿಲಿಗೆ ಹಸಿದ ಭಿಕ್ಷುಕ ಬಂದು ಊಟ ಕೇಳುತ್ತಾನೆ. ಇವನು ಗದರಿ ಕಳಿಸುತ್ತಾನೆ. ಇನ್ನು ನಿನಗೂ ಕೊಳಲಿಗೂ ಮುಗಿಯಿತು ಎಂಬಂತೆ ಶಪಿಸಿ ಅವನು ಹೋಗುತ್ತಾನೆ. ಹಾಗೇ ಆಗುತ್ತದೆ. ಅಲ್ಲಿ ಸಂಗೀತಗಾರ ಒಳಗೆ, ಬೇಡುವವನು ಹೊರಗೆ. ನಮ್ಮ ಕಡೆಯದು ತಿರುಗುಮುರುಗು. ಆದರೆ ಕಥೆ ಮುಟ್ಟುವ ಜಾಗ ಒಂದೇ. ಸಂಗೀತಕ್ಕೆ ತೆರೆದ ಕಿವಿ, ಹಸಿವಿನ ದನಿಗೆ ಮುಚ್ಚಿಕೊಂಡರೆ ಅದು ಎಷ್ಟು ದಿನ ಕಿವಿಯಾಗಿ ಉಳಿದೀತು?

ಇಷ್ಟು ಹೇಳಿದ ಮೇಲೆ ಒಂದು ಗಟ್ಟಿ ಆಕ್ಷೇಪಣೆಯನ್ನು ಎದುರಿಸಲೇಬೇಕು. ಬಾಗಿಲ ಮುಂದಿನ ಆ ಚಿತ್ರ ಅಷ್ಟು ಚೆಂದವಾಗಿತ್ತೆ? ನೀಲಗಾರರಲ್ಲಿ ಹೆಚ್ಚಿನವರು ದಲಿತರು. ಅವರು ನಿಂತದ್ದು ಹೊಸ್ತಿಲಿನಾಚೆ, ಎಷ್ಟೋ ಕಡೆ ಜಗಲಿಯಿಂದಲೂ ಆಚೆ. ರಾಗಿ ಬಿದ್ದದ್ದು ಮುಟ್ಟದ ಹಾಗೆ, ಮೇಲಿನಿಂದ. ಇಡೀ ಊರು ರಾತ್ರಿಯೆಲ್ಲ ಯಾರ ಕಥೆ ಕೇಳಿತೋ ಅವರನ್ನೇ ಹಗಲು ಬಾವಿಯ ಹತ್ತಿರ ಬಿಡಲಿಲ್ಲ. ದಯಮಾಡಿದ ಎಂಬ ಗೌರವದ ಮಾತು ಬಾಯಲ್ಲಿ, ದೂರ ನಿಲ್ಲು ಎಂಬ ಮಾತು ಕೈಯಲ್ಲಿ. ಹೀಗಿರುವಾಗ ಒಬ್ಬ ನೀಲಗಾರರ ಮಗ ತಂಬೂರಿ ಗೋಡೆಗೆ ತೂಗುಹಾಕಿ, ಪದವಿ ಓದಿ, ಗಾರ್ಮೆಂಟ್ಸಿಗೋ ಕಚೇರಿಗೋ ಹೋದರೆ ಅದು ಪರಂಪರೆಯ ನಷ್ಟ ಎಂದು ಮರುಗುವ ಹಕ್ಕು ಬೇರೆಯವರಿಗೆ ಎಲ್ಲಿಯದು? ಕೈ ಚಾಚದೆ ಬದುಕುತ್ತೇನೆ ಎನ್ನುವುದು ಅವನ ಮಟ್ಟಿಗೆ ಅವನ ಅಪ್ಪನ ಹಾಡಿಗಿಂತ ದೊಡ್ಡ ಹಾಡು. ಫ್ರಾನ್ಸಿನ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ದಾನದ ಬಗೆಗಿನ ಪ್ರಬಂಧದಲ್ಲಿ, ಹಿಂತಿರುಗಿಸಲಾಗದ ಕೊಡುಗೆ ಪಡೆದವನನ್ನು ಕೀಳು ಮಾಡುತ್ತದೆ ಎಂದು ವಿವರಿಸಿದ್ದಾನೆ. ಅದನ್ನು ತಿಳಿಯಲು ನಮ್ಮ ಹಟ್ಟಿಗಳಲ್ಲಿ ಯಾರೂ ಮೌಸ್‌ನನ್ನು ಓದಬೇಕಾಗಿರಲಿಲ್ಲ.

ಈ ಆಕ್ಷೇಪಣೆ ನಿಜ. ಇದಕ್ಕೆ ಸಮಾಧಾನ ಹೇಳಿ ದಾಟಿಕೊಳ್ಳುವ ಉದ್ದೇಶ ನನಗಿಲ್ಲ. ಆದರೆ ಇದು ಯಾವುದನ್ನು ಸುಳ್ಳು ಮಾಡುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು. ಹಾಡುವವನು ಹಿಂತಿರುಗಿಸದೆ ಪಡೆದವನೆ? ಅವನು ಹಾಡನ್ನು ಮೊದಲೇ ಕೊಟ್ಟಿದ್ದ. ಸಾಲಗಾರರು ಒಳಗಿದ್ದವರು. ಒಂದು ರಾತ್ರಿಯ ಕಥೆಗೆ ಒಂದು ಮೊರ ರಾಗಿ ಎಂದರೆ ಅದು ಕೂಲಿಗೂ ಕಡಿಮೆ. ತಾವು ತೀರಿಸುತ್ತಿರುವ ಸಾಲವನ್ನು ಜಾತಿಯ ಬಲದಿಂದ ದಾನ ಎಂದು ಕರೆದುಕೊಂಡದ್ದು ಅಲ್ಲಿಯ ಅನ್ಯಾಯ. ಹಾಗಾದರೆ ಅನ್ಯಾಯ ಸರಿಯಾಗಬೇಕಾದ್ದು ಹೇಗೆ? ದಾನ ಎಂಬ ಸುಳ್ಳು ಹೆಸರು ಹೋಗಿ ಸಾಲ ಎಂಬ ನಿಜ ಹೆಸರು ಬರಬೇಕಿತ್ತು. ಆದದ್ದೇ ಬೇರೆ. ದಾನವೂ ಹೋಯಿತು, ಸಾಲವೂ ಮರೆಯಿತು, ಹಾಡು ಮಾತ್ರ ನಮ್ಮ ಹತ್ತಿರ ಉಳಿಯಿತು.

ಬದಲಾದದ್ದು ಮನಸ್ಸು ಮಾತ್ರವೂ ಅಲ್ಲ, ಬೆಳೆಯೂ ಬದಲಾಯಿತು. ರಾಗಿ, ಭತ್ತ ಕಣಕ್ಕೆ ಬರುವ ಬೆಳೆ. ರಾಶಿಯ ಮುಂದೆ ಬಂದು ನಿಂತವರಿಗೆ ಒಂದೊಂದು ಮೊರ ತೆಗೆದಿಡಬಹುದು. ಕನ್ನಂಬಾಡಿ ಕಟ್ಟೆಯಾಗಿ, ವಿಶ್ವೇಶ್ವರಯ್ಯ ನಾಲೆ ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, ಮುಂದೆ ಪಾಂಡವಪುರದಲ್ಲೂ ಒಂದು ಶುರುವಾಗಿ ಕಬ್ಬು ಬಂತು. ಕಬ್ಬು ಕಣಕ್ಕೆ ಬರುವುದಿಲ್ಲ. ಗದ್ದೆಯಿಂದ ಗಾಡಿಗೆ, ಗಾಡಿಯಿಂದ ಕಾರ್ಖಾನೆಗೆ. ದುಡ್ಡು ಯಾವಾಗಲೋ ಬ್ಯಾಂಕಿಗೆ. ಕಬ್ಬನ್ನು ಜೋಳಿಗೆಗೆ ಸುರಿಯಲಾಗುವುದಿಲ್ಲ. ಕಣವೇ ಇಲ್ಲದ ಊರಿನಲ್ಲಿ ಹಾಡುವವನು ಯಾವ ಜಾಗದಲ್ಲಿ ನಿಂತು ತನ್ನ ಪಾಲು ಕೇಳಬೇಕು? ನಾಲೆಯ ನೀರು ಕಾಣದ ನಾಗಮಂಗಲದ ಬೆದ್ದಲಿನಲ್ಲಿ ರಾಗಿ ಉಳಿಯಿತು. ಅಲ್ಲಿಯ ಹರೆಯದವರು ಬೆಂಗಳೂರಿಗೆ ಹೋದರು. ಬಾಗಿಲು ಇತ್ತು, ತೆರೆಯುವವರು ಊರಲ್ಲಿರಲಿಲ್ಲ.

ಇದೇ ನಾಗಮಂಗಲ ತಾಲ್ಲೂಕು ಈ ಹಾಡುಗಳಿಗೆ ಇಬ್ಬರು ದೊಡ್ಡ ಕೇಳುಗರನ್ನು ಕೊಟ್ಟಿತು. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಹುಟ್ಟಿದ್ದು 1915ರಲ್ಲಿ. ಸರ್ಕಾರದ ದೊಡ್ಡ ಹುದ್ದೆಗಳಲ್ಲಿದ್ದವರು, ಹಳ್ಳಿಹಳ್ಳಿಯ ಹಾಡು ಸಂಗ್ರಹಿಸಿದರು, ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದರು. ಅಂಬಳಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ವೃತ್ತಿಗಾಯಕರ ಕಾವ್ಯಗಳನ್ನು ಕೂತು ಕೇಳಿ, ಬರೆದುಕೊಂಡು, ವಿಶ್ವವಿದ್ಯಾಲಯದ ಓದಿಗೆ ತಂದರು. ಇವರು ಹಾಗೆ ಕೇಳದೆ ಹೋಗಿದ್ದರೆ ಎಷ್ಟು ಸಾಲುಗಳು ಹಾಡಿದವರ ಜೊತೆಗೇ ಮಣ್ಣಾಗುತ್ತಿದ್ದವೋ. ಹಾಗಾಗಿ ಮುದ್ರಣ, ಕ್ಯಾಸೆಟ್ಟು, ಸಿನಿಮಾ ಎಲ್ಲವೂ ಹಾಡನ್ನು ಕೊಂದವು ಎಂಬ ಸುಲಭದ ಮಾತನ್ನು ನಾನು ಆಡಲಾರೆ. ಅವು ಹಾಡನ್ನು ಉಳಿಸಿದವು. ಹಾಡಿನ ಜೊತೆಗಿದ್ದ ಕರ್ತವ್ಯವನ್ನು ಉಳಿಸುವುದು ಅವುಗಳ ಕೈಲಿರಲಿಲ್ಲ, ಅದು ಕೇಳುವವರ ಕೈಲಿತ್ತು.

ನಾಗೇಗೌಡರು ಹುಟ್ಟಿದ ಅದೇ 1915ರಲ್ಲಿ ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಅವರ 'ಮೈಸೂರು ಮಲ್ಲಿಗೆ'ಯನ್ನೂ 'ಜನುಮದ ಜೋಡಿ'ಗಿಂತ ಮುಂಚೆ ನಾಗಾಭರಣರೇ ಸಿನಿಮಾ ಮಾಡಿದ್ದರು, ಅದರ ಗೀತರಚನೆಗೆ ಕವಿಗೆ ರಾಷ್ಟ್ರಪ್ರಶಸ್ತಿ ಬಂತು. ಒಂದೇ ಸೀಮೆಯ ಎರಡು ಹಾಡು, ಒಬ್ಬರೇ ನಿರ್ದೇಶಕರು. ಒಂದು ಹಾಡಿಗೆ ಒಡೆಯರಿದ್ದಾರೆ, ಹೆಸರಿದೆ, ಊರಿದೆ, ಸನ್ಮಾನ ತಲುಪಿಸಲು ವಿಳಾಸವಿದೆ. ಇನ್ನೊಂದು ಬಗೆಯ ಹಾಡುಗಳ ಕ್ಯಾಸೆಟ್ಟಿನ ಮೇಲೆ ಸಾಮಾನ್ಯವಾಗಿ 'ಸಾಹಿತ್ಯ: ಜಾನಪದ' ಎಂದಿರುತ್ತದೆ. ಜಾನಪದ ಎಂಬುದು ಎಲ್ಲರ ಹೆಸರು. ಎಲ್ಲರ ಹೆಸರಿಗೆ ಕೊಡಬೇಕಾದ್ದನ್ನು ಯಾರಿಗೂ ಕೊಡಬೇಕಾಗುವುದಿಲ್ಲ.

ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲೂ ಇದೇ ಸಮಸ್ಯೆ, ಇನ್ನೊಂದು ಮುಖದಲ್ಲಿ. 1927ರಲ್ಲಿ ಬ್ರಿಸ್ಟಲ್ ಎಂಬ ಊರಿನಲ್ಲಿ ಮೊದಲ ಧ್ವನಿಮುದ್ರಣ ಮಾಡಿದ ಕಾರ್ಟರ್ ಕುಟುಂಬ ಅಲ್ಲಿ ಈಗಲೂ ಪೂಜ್ಯ ಹೆಸರು. ಆ ಕುಟುಂಬದ ಎ.ಪಿ. ಕಾರ್ಟರ್ ಬೆಟ್ಟಗಾಡಿನ ಮನೆಗಳಿಗೆ ಹೋಗಿ ಹಾಡು ಸಂಗ್ರಹಿಸುವಾಗ, ಲೆಸ್ಲಿ ರಿಡ್ಲ್ ಎಂಬ ಕಪ್ಪು ಗಿಟಾರ್ ವಾದಕ ಜೊತೆಗಿದ್ದು ಧಾಟಿಗಳನ್ನು ನೆನಪಿಟ್ಟುಕೊಳ್ಳುತ್ತಿದ್ದ. ಹಾಗೆ ತಂದ ಹಾಡುಗಳ ಹಕ್ಕು ಕಾರ್ಟರ್ ಹೆಸರಿಗಾಯಿತು. ಅಲ್ಲಿ ಒಂದು ಹೆಸರು ಬಂದು ಹಲವರನ್ನು ಮರೆಸಿತು. ಇಲ್ಲಿ ಹೆಸರೇ ಇಲ್ಲದೆ ಎಲ್ಲರೂ ಮರೆಯಾದರು. ಎರಡು ಕಡೆಯೂ ಮನೆಯೊಳಗಿಂದ ಹಾಡಿ ತೋರಿಸಿದವರಿಗೆ ಹಾಡು ವಾಪಸು ಬಂದದ್ದು ರೇಡಿಯೋದಲ್ಲಿ.

ಹಾಡುವವರಿಗೆ ಸರ್ಕಾರ ಮಾಸಾಶನ ಕೊಡುವುದಿಲ್ಲವೆ, ಅಕಾಡೆಮಿ ಪ್ರಶಸ್ತಿ ಕೊಡುವುದಿಲ್ಲವೆ ಎಂದು ಕೇಳಬಹುದು. ಕೊಡುತ್ತದೆ, ಕೊಡಬೇಕು, ಹೆಚ್ಚಿಗೆ ಕೊಡಬೇಕು. ಜಾತಿಯ ಹೊಸ್ತಿಲಿನಾಚೆ ನಿಲ್ಲದೆ, ತನ್ನ ಹಕ್ಕಾಗಿ ಖಾತೆಗೆ ಬರುವ ದುಡ್ಡಿನಲ್ಲಿ ಮೊರದ ರಾಗಿಗಿಲ್ಲದ ಘನತೆ ಇದೆ. ಆದರೆ ಆ ದುಡ್ಡು ಹಾಡುವವನ ಮತ್ತು ಸರ್ಕಾರದ ನಡುವಿನ ವ್ಯವಹಾರ. ಕೇಳಿದವರು ಅದರಲ್ಲಿ ಎಲ್ಲೂ ಇಲ್ಲ. ಸರ್ಕಾರ ಕೊಡುತ್ತದೆಯಲ್ಲ ಎಂಬ ಮಾತು 'ಮುಂದಕ್ಕೋಗಪ್ಪ' ಎಂಬುದರ ಇನ್ನೊಂದು ರೂಪವಾಗುವ ಅಪಾಯವಿದೆ.

ಹಾಗಂತ ಹಳೆಯ ಬಾಗಿಲಿಗೆ ಹಿಂತಿರುಗಿ ಹೋಗಬೇಕೆ? ಬೇಡ. ಅಲ್ಲಿ ಹಾಡುವವರು ನಿಂತಿದ್ದರು, ಕೇಳುವವರು ಕೂತಿದ್ದರು. ನಮಗೆ ಬೇಕಾದ್ದು ಇಬ್ಬರೂ ಕೂರುವ ಒಂದು ಜಾಗ. ಅದಕ್ಕೂ ಈ ಸೀಮೆಯಲ್ಲೇ ಒಂದು ರೂಢಿ ಇದೆ. ಹರಕೆ ಹೊತ್ತವರು, ಮನೆಯಲ್ಲಿ ಒಳ್ಳೆಯದೋ ಕೆಟ್ಟದ್ದೋ ಆದವರು, ಹಾಡುವವರನ್ನು ಮನೆಗೆ ಕರೆಸಿ ರಾತ್ರಿಯೆಲ್ಲ ಕಥೆ ಮಾಡಿಸುತ್ತಾರೆ. ಅಲ್ಲಿ ಕೇಳಿಕೊಂಡು ಹೋಗುವವರು ಮನೆಯವರು. ನಮ್ಮ ಮನೆಗೆ ಬಂದು ಹಾಡಬೇಕು ಎಂದು ವೀಳ್ಯ ಕೊಟ್ಟು ಕೇಳಬೇಕು. ಎಷ್ಟು ಕೊಡಬೇಕೆಂದು ಅವರು ಹೇಳುತ್ತಾರೆ, ಊಟ ಹಾಕಬೇಕು, ಬೆಳಗಿನ ಜಾವದವರೆಗೆ ಎದ್ದಿರಬೇಕು. ಬೇಡುವವರ ಜಾಗಕ್ಕೆ ನಾವು ಬರುತ್ತೇವೆ. ಮದುವೆಗೆ ಆರ್ಕೆಸ್ಟ್ರಾ ಗೊತ್ತುಮಾಡುವ, ಗೃಹಪ್ರವೇಶಕ್ಕೆ ಲೈಟಿಂಗ್ ಹಾಕಿಸುವ ಮನೆಗಳಿಗೆ ಇದು ಭಾರವಾದ ಖರ್ಚೇನೂ ಅಲ್ಲ. ಭಾರವಾಗುವುದು ಕರೆದವರನ್ನು ನಡುಮನೆಯಲ್ಲಿ ಕೂರಿಸುವುದು, ಅದೇ ಪಂಕ್ತಿಯಲ್ಲಿ ಉಣ್ಣಿಸುವುದು. ಹಾಡನ್ನು ಪ್ರೀತಿಸುತ್ತೇವೆ ಎಂಬ ನಮ್ಮ ಮಾತಿಗೆ ಪರೀಕ್ಷೆ ಇರುವುದು ಅಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳಾದರೆ ಇನ್ನೂ ಒಂದು ಕೆಲಸ ಮಾಡಬಹುದು. ಯಾರ ಬಾಯಿಂದ ಕೇಳಿದೆವೋ ಅವರ ಹೆಸರು ಬರೆಯುವುದು, ಬರೆದದ್ದನ್ನು ಅವರಿಗೇ ಮೊದಲು ಓದಿ ಹೇಳುವುದು.

'ಜನುಮದ ಜೋಡಿ'ಯನ್ನು ಇನ್ನೊಮ್ಮೆ ನೋಡಬೇಡಿ ಎಂದು ನಾನು ಹೇಳುವುದಿಲ್ಲ, ನಾನೂ ನೋಡುತ್ತೇನೆ. ಆ ಹಾಡು ಬಂದಾಗ ಮೈ ಜುಮ್ಮೆನ್ನುವುದು ಸುಳ್ಳಲ್ಲ. ಆದರೆ ಆ ಜುಮ್ಮೆನ್ನುವಿಕೆಯನ್ನು ಹಾಡಿಗೆ ನಾವು ಸಲ್ಲಿಸಿದ ಬೆಲೆ ಎಂದು ಎಣಿಸಬಾರದು. ಅದು ಹಾಡು ನಮಗೆ ಕೊಟ್ಟದ್ದು. ಅಂದರೆ ನಮ್ಮ ಸಾಲದ ಲೆಕ್ಕಕ್ಕೆ ಇನ್ನೊಂದು ಸೇರಿತು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ, ಕಪ್ಪಡಿಯಲ್ಲಿ, ಮಾದೇಶ್ವರನ ಬೆಟ್ಟದಲ್ಲಿ ಈಗಲೂ ಕಂಸಾಳೆ, ತಂಬೂರಿ ಹಿಡಿದವರು ಸಿಗುತ್ತಾರೆ. ಹೋದಾಗ ಮೊಬೈಲು ತೆಗೆದು ಮೂವತ್ತು ಸೆಕೆಂಡು ಹಿಡಿದುಕೊಂಡು ಬರುವ ಬದಲು ಹತ್ತಿರ ಕೂತು, ಯಾವೂರು, ಯಾರ ಹತ್ತಿರ ಕಲಿತಿರಿ, ನಮ್ಮೂರಿಗೆ ಬರುತ್ತೀರಾ ಎಂದು ಕೇಳಬಹುದು. ಕೇಳುವುದು ಅಲ್ಲಿಂದ ಶುರುವಾಗಲಿ.